ಮಗ್ಗದ ಮನೆಗೆ ಹೋಗುವ ಮುಂಚೆ

ಬಳಗದ ತಮ್ಮಂದಿರೇ, ತಂಗಿಯರೇ,

ಈ ಸಲದ ಪ್ರವಾಸಕ್ಕೆ ಬಾದಾಮಿ, ಐಹೊಳೆ ಬೇಡ, ಇಳಕಲ್ಲ ಮತ್ತು ಗುಳೇದಗುಡ್ಡಕ್ಕೆ ಹೋಗಿ ಕೆಲವು ದಿನ ಇದ್ದು ನೇಯ್ಗೆ ಕಲಿತು ಬರೋಣ ಎಂದು ನೀವು ತೀರ್ಮಾನಿಸಿದ್ದೀರಂತೆ. ನನಗೆ ಬಹಳ ಹಿಡಿಸಿತು. ಇತಿಹಾಸ ಬಳಗದ ಪ್ರವಾಸವೆಂದರೆ ಗುಡಿ, ಕೋಟೆ, ವೀರಗಲ್ಲು. ಮಗ್ಗದ ಓಣಿಗೆ ಕಾಲಿಡುವುದು ಮನೆಯವರಿಗೆ ಸೀರೆ ಕೊಳ್ಳುವುದಕ್ಕೆ ಮಾತ್ರ ಎಂಬ ರೂಢಿ ನಮ್ಮ ಕಡೆ ಗಟ್ಟಿಯಾಗಿ ಕೂತಿದೆ. ಅದನ್ನು ಮುರಿಯುತ್ತಿದ್ದೀರಿ. ನನ್ನ ಮೊಣಕಾಲು ಒಪ್ಪುವುದಿಲ್ಲ, ಆದ್ದರಿಂದ ನಾನು ಬರುವುದಿಲ್ಲ. ಬಂದಿದ್ದರೆ ಬಸ್ಸಿನಲ್ಲಿ ನಿಮ್ಮ ತಲೆ ತಿನ್ನುತ್ತಿದ್ದ ಮಾತುಗಳನ್ನೇ ಇಲ್ಲಿ ಬರೆದು ಕಳಿಸುತ್ತಿದ್ದೇನೆ.

ಮೊದಲನೆಯ ಮಾತು ಇಷ್ಟೇ: ಸೀರೆ ನೋಡಲು ಹೋಗಬೇಡಿ, ದುಡಿಮೆ ನೋಡಲು ಹೋಗಿ. ಸೀರೆಯನ್ನು ಅಂಗಡಿಯಲ್ಲೂ ನೋಡಬಹುದು. ಅದರ ಹಿಂದಿನ ಕೆಲಸ ಯಾರದು, ಎಷ್ಟು ಹೊತ್ತಿನದು, ಅದಕ್ಕೆ ಯಾರು ಎಷ್ಟು ಕೊಡುತ್ತಾರೆ ಎಂಬುದು ಆ ಮನೆಯೊಳಗೆ ಮಾತ್ರ ಗೊತ್ತಾಗುತ್ತದೆ. ನಮ್ಮ ದಾಖಲೆಗಳಲ್ಲಿ ತಪ್ಪಿಹೋಗಿರುವುದೂ ಅದೇ.

ಹಾಗೆಂದು ನೇಕಾರರ ಬಗ್ಗೆ ದಾಖಲೆಗಳೇ ಇಲ್ಲ ಎಂದುಕೊಳ್ಳಬೇಡಿ, ಬೇಕಾದಷ್ಟಿವೆ. ಮಾಳವದ ಮಂದಸೋರ್ ಶಾಸನವನ್ನು ಓದಿದ್ದೀರಲ್ಲ? ಲಾಟ ದೇಶದಿಂದ ವಲಸೆ ಬಂದ ರೇಷ್ಮೆ ನೇಕಾರರ ಶ್ರೇಣಿಯೊಂದು ಕ್ರಿ.ಶ. 436ರಲ್ಲಿ ಅಲ್ಲಿ ಸೂರ್ಯನ ಗುಡಿ ಕಟ್ಟಿಸಿತು, 473ರಲ್ಲಿ ಅದನ್ನು ದುರಸ್ತಿ ಮಾಡಿಸಿತು. ಆ ಶ್ರೇಣಿಯ ಕೆಲವರು ನೇಯ್ಗೆಯಲ್ಲೇ ಉಳಿದರೆ ಮತ್ತೆ ಕೆಲವರು ಬಿಲ್ವಿದ್ಯೆ, ಕಥೆ ಹೇಳುವುದು, ಜ್ಯೋತಿಷ್ಯ ಹಿಡಿದರೆಂದು ಶಾಸನವೇ ಹೇಳುತ್ತದೆ. ನೇಕಾರರ ಮಕ್ಕಳು ಕಸುಬು ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು ಇವತ್ತಿನ ದುರಂತ ಎಂದು ಬರೆಯಲು ಪೆನ್ನು ಎತ್ತುವ ಮುಂಚೆ ಅದನ್ನೊಮ್ಮೆ ನೆನೆಯಿರಿ. ಇನ್ನು ನಮ್ಮ ಐಹೊಳೆ ಬರೀ ಗುಡಿಗಳ ಊರಲ್ಲ, ಅಯ್ಯಾವೊಳೆ ಐನೂರ್ವರೆಂಬ ದೊಡ್ಡ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರು. ಅವರ ಸರಕಿನಲ್ಲಿ ಬಟ್ಟೆಯೂ ಇತ್ತು. ಮಗ್ಗಗಳ ಮೇಲೆ ಹಾಕಿದ ತೆರಿಗೆಯ ಉಲ್ಲೇಖ ವಿಜಯನಗರ ಕಾಲದ ಶಾಸನಗಳಲ್ಲಿ ಸಿಗುತ್ತದೆ. 1800ರಲ್ಲಿ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ನೇಕಾರರ ಬಗ್ಗೆ ಯಾರು ಯಾವ ಬಟ್ಟೆ ನೇಯುತ್ತಾರೆ, ಬಣ್ಣ ಹೇಗೆ ಹಾಕುತ್ತಾರೆ, ಕೂಲಿ ಎಷ್ಟು ಎಂದು ವಿಚಾರಿಸಿ ಬರೆದಿಟ್ಟ. ಕಂಪನಿ ಸರಕಾರಕ್ಕೆ ಬೇಕಾದ ಲೆಕ್ಕ ಅದು. ಆದರೂ ಆ ಪ್ರಶ್ನೆಗಳು ಒಳ್ಳೆಯ ಪ್ರಶ್ನೆಗಳು, ಹೋಗುವ ಮೊದಲು ಓದಿಕೊಳ್ಳಿ.

ಒಟ್ಟಿನಲ್ಲಿ ದಾನ ಕೊಟ್ಟವರ ಹೆಸರಿದೆ, ತೆರಿಗೆಯ ಮೊತ್ತವಿದೆ, ಸಾಗಿಸಿದ ವರ್ತಕರಿದ್ದಾರೆ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದ ಹೆಂಗಸು ಎಲ್ಲೂ ಇಲ್ಲ.

ಅದಕ್ಕೇ ಹೇಳುತ್ತೇನೆ, ಮಗ್ಗದ ಮನೆಗೆ ಹೋದಕೂಡಲೇ ಮಗ್ಗದ ಎದುರು ಕೂರಬೇಡಿ. ನೂಲಿನ ಲಡಿ ಬಂದು ಬೀಳುವ ಮೂಲೆಗೆ ಹೋಗಿ. ಲಡಿ ಬಿಚ್ಚುವುದು, ಬಣ್ಣ, ಗಂಜಿ, ರಾಟಿಯ ಮೇಲೆ ಹಾಕಿ ಕಂಡಿಕೆ ಸುತ್ತುವುದು, ಉದ್ದನೆಯ ಎಳೆಗಳ ಹಾಸು ಹಾಕುವುದು, ಹಾಸಿನ ಒಂದೊಂದು ಎಳೆಯನ್ನೂ ಹಣಿಗೆಯ ಸಂದಿಯಿಂದ ತೂರಿಸುವುದು: ಲಾಳಿ ಒಮ್ಮೆ ಅತ್ತಿಂದಿತ್ತ ಓಡುವ ಮೊದಲೇ ಇಷ್ಟೆಲ್ಲ ಆಗಬೇಕು. ಇದರಲ್ಲಿ ಹೆಚ್ಚಿನದು ಮನೆಯ ಹೆಣ್ಣುಮಕ್ಕಳ ಕೆಲಸ, ಅಡುಗೆ, ನೀರು, ಮಕ್ಕಳ ನಡುನಡುವೆ ಮಾಡುವ ಕೆಲಸ. ಕೂಲಿ ಮಾತ್ರ ನೇಯ್ದ ಸೀರೆಯ ಲೆಕ್ಕದಲ್ಲಿ, ಮಗ್ಗದ ಮೇಲೆ ಕೂತವನ ಹೆಸರಿನಲ್ಲಿ ಬರುತ್ತದೆ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಕಾರರು ಮತ್ತು ಪೂರಕ ಕೆಲಸದವರು ಸೇರಿ 35 ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಹೆಂಗಸರು. ನಮ್ಮ ಸೀರೆಗಳ ಚರಿತ್ರೆ ಓದಿದರೆ ಇದು ಗೊತ್ತೇ ಆಗುವುದಿಲ್ಲ. ಪ್ರಶ್ನೆ ಕೇಳುವಾಗ ‘ಯಜಮಾನರು ಹೇಳಲಿ’ ಎಂದು ಆ ಅಕ್ಕಂದಿರು ಒಳಗೆ ಸರಿಯುತ್ತಾರೆ. ಬಿಡಬೇಡಿ. ನಿಮ್ಮಲ್ಲಿಯ ಹುಡುಗಿಯರು ರಾಟಿಯ ಪಕ್ಕ ಕೂತು ಕೈಜೋಡಿಸಿದರೆ ಮಾತು ತಾನಾಗಿ ಬರುತ್ತದೆ. ಹುಡುಗರೂ ಕೂರಬಹುದು, ನಾಚಿಕೆ ಬೇಡ.

ಇಳಕಲ್ಲ ಸೀರೆಯ ಜೀವ ಇರುವುದು ಸೆರಗಿನಲ್ಲಿ. ಅದನ್ನು ಚೆನ್ನಾಗಿ ತಿಳಿದುಕೊಂಡೇ ಬನ್ನಿ. ಹಸಿರು ಒಡಲಿನ ಸೀರೆಗೆ ಕೆಂಪು ಸೆರಗು ಬೇಕೆನ್ನಿ. ಹಸಿರು ಹಾಸು ಹಾಗೆಯೇ ಮುಂದುವರಿದು ಅದರ ಮೇಲೆ ಅಡ್ಡ ಎಳೆಯಾಗಿ ಕೆಂಪು ಹೊಕ್ಕು ಬಿದ್ದರೆ ಬರುವುದು ಎರಡೂ ಬೆರೆತ ಮಬ್ಬು ಬಣ್ಣ. ಕುಂಕುಮದಂಥ ಕೆಂಪು ಬರಬೇಕಾದರೆ ಸೆರಗಿನ ಜಾಗದಲ್ಲಿ ಹಾಸೇ ಕೆಂಪಾಗಬೇಕು. ಹಾಗಾಗಿ ಇಳಕಲ್ಲದವರು ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು, ದಡಿಗೆ ಮತ್ತೊಂದು ಹಾಕುತ್ತಾರೆ. ಒಡಲು ಹತ್ತಿಯದಾದರೂ ಸೆರಗು ಮತ್ತು ದಡಿ ರೇಷ್ಮೆಯವು ಅಥವಾ ಚಮಕದವು, ಎಂದರೆ ಕೃತಕ ರೇಷ್ಮೆಯವು. ಆಮೇಲೆ ಒಡಲಿನ ಎಳೆಗಳ ತುದಿಯ ಕುಣಿಕೆಗಳನ್ನು ಸೆರಗಿನ ಎಳೆಗಳ ಕುಣಿಕೆಗಳಿಗೆ ಒಂದೊಂದಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಇದೇ ಟೋಪು ತೆನಿ. ಸಾವಿರಾರು ಎಳೆಗಳ ಜೋಡಣೆ ಅದು, ಒಂದು ತಪ್ಪಿದರೂ ನೇಯ್ಗೆಯಲ್ಲಿ ಕಾಣುತ್ತದೆ. ಹೀಗೆ ಜೋಡಿಸುವುದರಿಂದ ಉದ್ದನೆಯ ಒಂದೇ ಹಾಸು ಸುತ್ತಿಟ್ಟು ಒಂದರ ಹಿಂದೊಂದು ಸೀರೆ ನೇಯ್ದು ಕತ್ತರಿಸುತ್ತ ಹೋಗುವ ಅನುಕೂಲ ಇಲ್ಲ, ಸೀರೆಸೀರೆಗೂ ಹಾಸು ಹೊಸದು. ಕೈಮಗ್ಗದಲ್ಲಿ ಒಂದು ಸೀರೆಗೆ ವಾರದಷ್ಟು ಹೊತ್ತು ಹಿಡಿಯುವುದು ಸುಮ್ಮನೆ ಅಲ್ಲ. ಕಂಚಿಯ ರೇಷ್ಮೆ ನೇಕಾರರಲ್ಲೂ ಸೆರಗಿನ ಹಾಸನ್ನು ಬೇರೆ ಮಾಡಿ ಸೇರಿಸುವ ಪದ್ಧತಿ ಉಂಟು. ಹತ್ತಿಯ ದಿನಬಳಕೆಯ ಸೀರೆಗೆ ಇಷ್ಟು ಕಷ್ಟಪಡುವುದು ಇಳಕಲ್ಲದ ಹೆಚ್ಚುಗಾರಿಕೆ. ಹೊಲಕ್ಕೆ ಹೋಗುವ ರೈತ ಹೆಂಗಸಿನ ಸೆರಗೂ ಮಬ್ಬಾಗಿರಬಾರದು ಎಂದುಕೊಂಡವರ ಊರು ಅದು.

ಸೆರಗಿನ ಮೇಲೆ ಬಿಳಿಯಲ್ಲಿ ಮೂಡುವ ಕೋಟೆಯ ತೆನೆಯಂಥ, ಬಾಚಣಿಗೆಯ ಹಲ್ಲಿನಂಥ, ಬೆಟ್ಟದ ಸಾಲಿನಂಥ ಸಾಲುಗಳನ್ನೂ, ದಡಿಯಲ್ಲಿ ಗೋಮಿ, ಚಿಕ್ಕಿ ಮುಂತಾದ ಬಗೆಗಳನ್ನೂ ಚಿತ್ರ ಬರೆದುಕೊಳ್ಳಿ. ಫೋಟೋಕ್ಕಿಂತ ಕೈಯಾರೆ ಬರೆದದ್ದು ತಲೆಯಲ್ಲಿ ಉಳಿಯುತ್ತದೆ. ಎಣಿಸಿ ಬರೆಯಿರಿ, ನೇಯ್ಗೆಯೆಲ್ಲ ಎಣಿಕೆಯೇ.

ಮಗ್ಗ ನೆಲದಲ್ಲಿ ಏಕಿದೆ ಎಂದು ನಿಮ್ಮಲ್ಲೊಬ್ಬರು ಕೇಳಿಯೇ ಕೇಳುತ್ತಾರೆ. ಕುಣಿ ಮಗ್ಗದಲ್ಲಿ ನೇಕಾರ ಅಂಚಿನಲ್ಲಿ ಕೂತು ಕಾಲುಗಳನ್ನು ಕುಣಿಯೊಳಗೆ ಬಿಟ್ಟು ಕಾಲುಮಣೆ ತುಳಿಯುತ್ತಾನೆ. ನೆಲದ ತಂಪಿಗೆ ನೂಲಿನ ಪಸೆ ಆರುವುದಿಲ್ಲ, ಎಳೆ ಹರಿಯುವುದು ಕಡಿಮೆ. ಬಿಜಾಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಇದು ದೊಡ್ಡ ಅನುಕೂಲ. ಅದೇ ಕುಣಿ ಹೊಳೆ ಬಂದಾಗ ಶಾಪ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿದಾಗ ಆ ತೀರದ ಎಷ್ಟೋ ನೇಕಾರರ ಮನೆಗಳಿಗೆ ನೀರು ನುಗ್ಗಿ ಮಗ್ಗ, ನೂಲು ಎಲ್ಲ ಹಾಳಾದವು. ಗೋಡೆ ಬಿದ್ದರೆ ಅಧಿಕಾರಿಯ ಪಂಚನಾಮೆಗೆ ಒಂದು ಸಾಲು ಉಂಟು. ಹಾಸಿನಲ್ಲಿ ಹೋದ ವಾರದ ದುಡಿಮೆಗೆ ಯಾವ ಸಾಲು?

ಇನ್ನು ಕಲಿಯುವ ವಿಷಯ. ಕೆಲವೇ ದಿನಗಳಲ್ಲಿ ಯಾರೂ ನೇಕಾರರಾಗುವುದಿಲ್ಲ. ಚಿಕ್ಕಂದಿನಿಂದ ಕೂತವರಿಗೂ ಹೊಕ್ಕನ್ನು ಬಡಿದು ಕೂರಿಸುವ ಹಲಗೆಯ ಹದ ಸಿಗಲು ವರ್ಷಗಳು ಬೇಕು. ಹೊಸಬ ಕೂತು ಹಲಗೆ ಬಡಿದರೆ ಒಂದು ಏಟು ಬಿಗಿ, ಒಂದು ಏಟು ಸಡಿಲ, ಬಟ್ಟೆಯಲ್ಲಿ ಪಟ್ಟೆ ಕಾಣುತ್ತದೆ. ಆ ದೋಷಕ್ಕೆ ಮುರಿದುಕೊಳ್ಳುವುದು ನಿಮ್ಮ ದುಡ್ಡನ್ನಲ್ಲ, ಆ ಮನೆಯವನ ಕೂಲಿಯನ್ನು. ‘ಕೂಡ್ರಿ, ನೀವೂ ಒಂದೀಟು ನೇಯ್ರಿ’ ಎಂದು ಅವರು ಪ್ರೀತಿಯಿಂದ ಹೇಳುತ್ತಾರೆ, ನಮ್ಮ ಕಡೆಯ ಜನ ಹಾಗೆಯೇ. ಆದರೆ ಆ ಪ್ರೀತಿಯ ಖರ್ಚನ್ನು ಅವರ ಮೇಲೆ ಹಾಕಬೇಡಿ. ಮೊದಲೇ ಮಾತಾಡಿ, ನಿಮ್ಮ ಖರ್ಚಿನಲ್ಲೇ ಸಾದಾ ನೂಲಿನ ಸಣ್ಣ ಹಾಸೊಂದನ್ನು ಹಾಕಿಸಿಕೊಳ್ಳಿ. ಅದನ್ನು ಕೆಡಿಸಿ ಕಲಿಯಿರಿ. ಕಲಿಸುವವರಿಗೆ ದಿನದ ಕೂಲಿಯನ್ನು ಮುಂಗಡವಾಗಿ, ಲಕೋಟೆಯಲ್ಲಿಟ್ಟು, ಮನೆಯ ಹೆಂಗಸಿನ ಕೈಗೂ ಒಂದು ಪಾಲು ಬರುವಂತೆ ಕೊಡಿ. ‘ಅವರು ದುಡ್ಡು ಬೇಡ ಅಂದರು’ ಎಂಬ ಸಬೂಬು ನನಗೆ ಹೇಳಬೇಡಿ. ಅವರು ಬೇಡ ಅಂತಾರೆ, ನೀವು ಕೊಡಬೇಕು.

ಕಲಿಯಲೇಬೇಕಾದ ಒಂದು ಕೆಲಸವೆಂದರೆ ಹರಿದ ಎಳೆಯನ್ನು ಗಂಟಿಕ್ಕುವುದು. ಬೆರಳ ತುದಿಯಲ್ಲಿ, ಗಂಟು ಕಾಣದ ಹಾಗೆ, ಎರಡು ಕ್ಷಣದಲ್ಲಿ. ಇದೊಂದು ಬಂದರೂ ಹೋದದ್ದು ಸಾರ್ಥಕ.

‘ಪಾರಂಪರಿಕ’ ಎಂದು ಬರೆಯುವಾಗ ಸ್ವಲ್ಪ ತಡೆಯಿರಿ. ಇಳಕಲ್ಲ ಸೀರೆ ಎಂಟನೆಯ ಶತಮಾನದಿಂದ ಹೀಗೆಯೇ ಬಂದಿದೆ ಎಂಬಂಥ ಮಾತು ಮಾರಾಟದ ಚೀಟಿಗಳ ಮೇಲೆ ಸಿಗುತ್ತದೆ. ಇತಿಹಾಸ ಓದಿದವರು ಅದನ್ನು ಎತ್ತಿ ಬರೆಯುವಂತಿಲ್ಲ. ನೀವು ನೋಡುವ ಮಗ್ಗದಲ್ಲಿ ಹಗ್ಗ ಎಳೆದರೆ ಲಾಳಿ ಓಡುತ್ತದೆಯಲ್ಲ, ಆ ತಂತ್ರ ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಕಂಡುಹಿಡಿದದ್ದು; ನಮ್ಮ ಮಗ್ಗಗಳಿಗೆ ಅದು ಹಬ್ಬಿದ್ದು ಬಹಳ ತಡವಾಗಿ. ರಂಧ್ರ ಹೊಡೆದ ರಟ್ಟಿನ ಪಟ್ಟಿಗಳಿಂದ ಹೂ ಎತ್ತುವ ಜಕಾರ್ಡ್ 1804ರ ಹೊತ್ತಿನ ಫ್ರಾನ್ಸಿನದು. ಬೇರಿನಿಂದ ತೆಗೆಯುತ್ತಿದ್ದ ಕೆಂಪನ್ನು 1868ರಲ್ಲಿ ಜರ್ಮನ್ನರು ಪ್ರಯೋಗಶಾಲೆಯಲ್ಲಿ ಮಾಡಿದರು. ನೀಲಿಯದೂ ಅದೇ ಕಥೆ, 1897ರಿಂದ ಕಾರ್ಖಾನೆಯ ನೀಲಿ ಪೇಟೆಗೆ ಬಂತು. ಚಮಕವಂತೂ ಇಪ್ಪತ್ತನೆಯ ಶತಮಾನದ ಸರಕು. ಇದನ್ನೆಲ್ಲ ಕೇಳಿ ಯಾರಾದರೂ ‘ಹಾಗಾದರೆ ಇದು ಅಸಲಿಯಲ್ಲವೇ’ ಎಂದು ಮುಖ ಸಣ್ಣದು ಮಾಡಿಕೊಂಡರೆ ಅವರಿಗೆ ಇತಿಹಾಸ ಅರ್ಥವಾಗಿಲ್ಲ. ಹೊರಗಿನಿಂದ ಬಂದದ್ದರಲ್ಲಿ ಬೇಕಾದುದನ್ನು ಹಿಡಿದು, ಟೋಪು ತೆನಿಯನ್ನು ಬಿಡದೆ ಉಳಿಸಿಕೊಂಡರಲ್ಲ, ಆ ವಿವೇಕವನ್ನು ಬರೆಯಿರಿ. ಯಾವುದು ಯಾವಾಗ ಬದಲಾಯಿತು, ಏಕೆ ಬದಲಾಯಿತು ಎಂದು ಹಿರಿಯರನ್ನು ಕೇಳಿ. ‘ನಮ್ಮಜ್ಜನ ಕಾಲದಾಗ’ ಎಂದು ಶುರು ಮಾಡಿದರೆ ನಡುವೆ ಬಾಯಿ ಹಾಕಬೇಡಿ. ಒಂಬತ್ತು ಗಜದ ಸೀರೆ ಆರು ಗಜಕ್ಕೆ ಇಳಿದಾಗ ಕೂಲಿ ಏನಾಯಿತು ಎಂಬುದು ನನಗಿರುವ ಕುತೂಹಲ, ವಿಚಾರಿಸಿ ಬಂದರೆ ಉಪಕಾರವಾದೀತು.

ಕೂಲಿಯ ಮಾತು ಕೇಳಲು ಸಂಕೋಚಪಡಬೇಡಿ, ಅವಸರವೂ ಬೇಡ. ಎರಡನೆಯ ದಿನ ಕೇಳಿ. ನೂಲು ಯಾರದು, ಮಗ್ಗ ಯಾರದು, ಸೀರೆ ಯಾರದು ಎಂಬ ಮೂರು ಪ್ರಶ್ನೆಗಳಲ್ಲಿ ಅರ್ಧ ಇತಿಹಾಸವಿದೆ. ಬಹಳ ಮನೆಗಳಲ್ಲಿ ನೂಲು ಮಾಲೀಕನದು, ತೂಕ ಮಾಡಿ ಕೊಟ್ಟದ್ದು. ನೇಯ್ದ ಸೀರೆ ಅದೇ ಲೆಕ್ಕಕ್ಕೆ ವಾಪಸು ಹೋಗಬೇಕು, ನೇಯ್ದವನಿಗೆ ಕೂಲಿ ಮಾತ್ರ. ಹೀಗಿರುವಾಗ ಮಗ್ಗದ ಮೇಲಿನ ಸೀರೆ ನೋಡಿ ‘ನಮಗೆ ನೇರವಾಗಿ ಕೊಡ್ರಿ, ಅಂಗಡಿಗಿಂತ ಕಡಿಮೆಗೆ’ ಎಂದು ನೀವು ಕೇಳಿದರೆ ಅವನ ಸಂಕಟ ನಿಮಗೆ ತಿಳಿಯುವುದಿಲ್ಲ. ಅದು ಅವನದಲ್ಲ, ಕೊಟ್ಟರೆ ಮುಂದಿನ ವಾರದ ನೂಲು ನಿಲ್ಲುತ್ತದೆ. ಸ್ವಂತ ನೂಲು ಹಾಕಿ ನೇಯುವವರು, ಸಹಕಾರಿ ಸಂಘದವರು ಇರುತ್ತಾರೆ, ಅವರಲ್ಲಿ ಕೊಳ್ಳಿ, ಹೇಳಿದ ಬೆಲೆಗೇ ಕೊಳ್ಳಿ. ಆಗಲೇ ಹೇಳಿದ ಕೈಮಗ್ಗ ಗಣತಿಯಲ್ಲೇ ಇನ್ನೊಂದು ಲೆಕ್ಕವಿದೆ: ದೇಶದ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರಿಗೆ ತಿಂಗಳ ಆದಾಯ ಆಗ 5,000 ರೂಪಾಯಿಗಿಂತ ಕಡಿಮೆ ಇತ್ತು. ಇದನ್ನು ತಿಳಿದೂ ಚೌಕಾಶಿ ಮಾಡುವವರು ನಮ್ಮ ಬಳಗದ ಹೆಸರು ಹೇಳುವುದು ಬೇಡ.

ವಿದ್ಯುತ್ ಮಗ್ಗವನ್ನು ಬೈಯುತ್ತ ತಿರುಗಬೇಡಿ. ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಅದನ್ನು ನಡೆಸುವವರೂ ನೇಕಾರರೇ, ಅವರ ಸಾಲವೂ ಸಾಲವೇ. ನನ್ನ ತಕರಾರು ಮೋಸದ ಮೇಲೆ. ವಿದ್ಯುತ್ ಮಗ್ಗದಲ್ಲಿ ನೇಯ್ದದ್ದನ್ನು ಕೈಮಗ್ಗದ್ದೆಂದು ಮಾರುವುದು ಕಳ್ಳತನ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಬಂತು, ಮೊದಲು 22 ಬಗೆ ಇದ್ದದ್ದು ಆಮೇಲೆ 11ಕ್ಕೆ ಇಳಿಯಿತು. ಆ 11ನ್ನಾದರೂ ಕಾಯುತ್ತಾರೆಯೇ ಎಂದು ಇಳಕಲ್ಲದ ಪೇಟೆಯಲ್ಲಿ ಒಂದು ಸುತ್ತು ಹಾಕಿ ನೀವೇ ನೋಡಿ. ಸೆರಗು ಒಡಲಿಗೆ ಸೇರುವ ಗೆರೆಯನ್ನು ಬೆಳಕಿಗೆ ಹಿಡಿಯಿರಿ: ಅಲ್ಲಿ ಹಾಸಿನ ಬಣ್ಣ ಬದಲಾಗಿದೆಯೇ, ಹೊಕ್ಕಿನದು ಮಾತ್ರ ಬದಲಾಗಿದೆಯೇ? ಇನ್ನು ಸರಕಾರದ ಒಂದು ಆದೇಶಕ್ಕೆ ಎಷ್ಟು ಮಗ್ಗಗಳ ಅನ್ನ ಕಟ್ಟಿಕೊಂಡಿರುತ್ತದೆ ಎಂಬುದಕ್ಕೆ ಹುಬ್ಬಳ್ಳಿಯ ಬೆಂಗೇರಿಯ ಉದಾಹರಣೆಯೂ ಇದೆ. ರಾಷ್ಟ್ರಧ್ವಜಕ್ಕೆ ಕೈಯಲ್ಲಿ ನೂತು ನೇಯ್ದ ಖಾದಿಯೇ ಆಗಬೇಕೆಂಬ ನಿಯಮವನ್ನು 2021ರ ಡಿಸೆಂಬರಿನಲ್ಲಿ ಸಡಿಲಿಸಿ ಪಾಲಿಯೆಸ್ಟರಿಗೂ ಯಂತ್ರಕ್ಕೂ ಅನುಮತಿ ಕೊಟ್ಟರು. ಧ್ವಜ ತಯಾರಿಸುವ ಅಲ್ಲಿಯ ಖಾದಿ ಸಂಘದವರು ಅದನ್ನು ವಿರೋಧಿಸಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಗುಳೇದಗುಡ್ಡದಲ್ಲಿ ಖಣ ನೋಡುತ್ತೀರಿ. ಅಗಲ ಒಂದು ಗಜವೂ ಇಲ್ಲದ ಬಟ್ಟೆ, ಅದರ ಮೈತುಂಬ ತೇರು, ಆನೆಹೆಜ್ಜೆ, ಸೂಜಿಮಲ್ಲಿಗೆ, ಸಿದ್ಧೇಶ್ವರನ ಮುಖ. ಕುಬಸಕ್ಕೆಂದೇ ನೇಯ್ದದ್ದು. ಮಹಾರಾಷ್ಟ್ರದ ಹೆಣ್ಣುಮಕ್ಕಳೂ ಇದನ್ನು ಬಹಳ ಇಷ್ಟಪಡುತ್ತಾರೆ, ಉಡಿ ತುಂಬಲು ಅಲ್ಲೂ ಖಣವೇ ಬೇಕು. ರಜೆ ಉಳಿದವರು ನವಲಗುಂದಕ್ಕೂ ಹೋಗಿ ಬನ್ನಿ. ಅಲ್ಲಿ ಜಮಖಾನ ನೇಯುವವರು ಹೆಂಗಸರೇ, ಮಗ್ಗ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ, ಲಾಳಿಯ ಓಟವಿಲ್ಲ. ಗಜೇಂದ್ರಗಡದ ದಾರಿ ಹಿಡಿದರೆ ಪಟ್ಟೇದ ಅಂಚು ಸೀರೆಯ ವಿಚಾರ ಕೇಳಿ. ಸವದತ್ತಿ ಎಲ್ಲಮ್ಮನಿಗೆ ಅರ್ಪಿಸುತ್ತಿದ್ದ ಈ ಸೀರೆಯ ನೇಯ್ಗೆ ನಿಂತೇ ಹೋಗಿತ್ತು. ವಿನ್ಯಾಸಕಿ ಹೇಮಲತಾ ಜೈನ್ ಹಳೆಯ ಸೀರೆ ಹುಡುಕಿ, ನೇಕಾರರನ್ನು ಒಪ್ಪಿಸಿ ಮತ್ತೆ ನೇಯಿಸಿದರು. ಹಳೆಯ ಟ್ರಂಕು ತೆರೆಯಲು ಒಪ್ಪುವ ಅಜ್ಜಿಯಂದಿರು ಶಾಸನಕ್ಕಿಂತ ಕಡಿಮೆಯವರಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ನಡತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬೆಳೆದವರಿದ್ದೀರಿ. ಅಕ್ಕಾರ, ಅವ್ವಾರ, ಕಾಕಾರ ಎಂದು ಮಾತಾಡಿಸಿ, ‘ಆಂಟಿ, ಅಂಕಲ್’ ಹುಬ್ಬಳ್ಳಿಯಲ್ಲೇ ಇಳಿಸಿ ಹೋಗಿ. ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ಮಗ್ಗದ ಹತ್ತಿರ ಸುಳಿಯಬೇಡಿ. ಹೊಸ ದಡಿ, ಹೊಸ ಹೂವಿನ ಫೋಟೋ ತೆಗೆದು ಅಲ್ಲಿಂದಲೇ ವಾಟ್ಸ್ಆ್ಯಪಿನಲ್ಲಿ ಹಂಚಬೇಡಿ, ಹಬ್ಬದ ಹೊತ್ತಿಗೆ ಅದೇ ವಿನ್ಯಾಸ ಯಂತ್ರದಲ್ಲಿ ಅರ್ಧ ಬೆಲೆಗೆ ಬಂದು ಕೂತಿರುತ್ತದೆ. ನೇಕಾರರಲ್ಲಿ ದೇವಾಂಗ, ಕುರುಹಿನಶೆಟ್ಟಿ, ಪಟ್ಟಸಾಲಿ, ಪದ್ಮಸಾಲಿ, ಸ್ವಕುಳಸಾಲಿ ಎಂದು ಹಲವು ಸಮುದಾಯಗಳಿವೆ, ಒಂದೇ ಜಾತಿಯ ಕಸುಬೆಂದು ಬರೆದು ಜಗಳ ತರಬೇಡಿ. ಒಬ್ಬರು ದೇವಲ ಮಹರ್ಷಿಯ ಕಥೆ ಹೇಳುತ್ತಾರೆ, ಇನ್ನೊಬ್ಬರು ಮುದನೂರಿನ ಜೇಡರ ದಾಸಿಮಯ್ಯನ ಹೆಸರೆತ್ತಿ ಕೈಮುಗಿಯುತ್ತಾರೆ, ಮತ್ತೊಬ್ಬರು ಬಾದಾಮಿಯ ಬನಶಂಕರಿಯೇ ನಮ್ಮ ತಾಯಿ ಎನ್ನುತ್ತಾರೆ. ಪುರಾಣವನ್ನು ಪುರಾಣವೆಂದೇ, ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಿ. ನಗಬೇಡಿ, ತಿದ್ದಬೇಡಿ, ಇಸವಿ ಹಚ್ಚಲೂ ಬೇಡಿ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ, ಇದನ್ನು ಮಾಡದಿದ್ದರೆ ಹೋಗುವುದೇ ಬೇಡ. ವಾಪಸು ಬಂದ ತಿಂಗಳೊಳಗೆ ನಿಮ್ಮ ಬರಹವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ನೀವು ಕೂತು ಕಲಿತ ಪ್ರತಿ ಮನೆಗೂ ಒಂದೊಂದು ಪ್ರತಿ ಒಯ್ದು ಓದಿ ಹೇಳಿ. ಯಾರ ಹೆಸರು ಹಾಕಬೇಕು, ಯಾವ ಮಾತು ತೆಗೆಯಬೇಕು ಎಂದು ಅವರನ್ನೇ ಕೇಳಿ. ಮಾಲೀಕನಿಗೆ ತಿಳಿದರೆ ತೊಂದರೆಯಾದೀತು ಎಂದು ಅವರು ಹೇಳಿದ ಸಾಲನ್ನು ಎಷ್ಟೇ ಚೆನ್ನಾಗಿದ್ದರೂ ಹೊಡೆದುಹಾಕಿ. ಕಂಡಿಕೆ ಸುತ್ತಿದವರ ಹೆಸರು ನೇಯ್ದವರ ಹೆಸರಿನ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಬರಲಿ. ಅವರು ಒಪ್ಪಿದ ಮೇಲೆ ನನಗೊಂದು ಪ್ರತಿ ಕಳಿಸಿ, ಅಲ್ಲಿಯವರೆಗೆ ಬಳಗದ ಸಂಚಿಕೆಯಲ್ಲಿ ಅದು ಅಚ್ಚಾಗಕೂಡದು.